ನೋಡುವವರು ಕೂಡಿದರೆ ಮಾತ್ರ ಫೋಟೋ ಉಳಿಯುತ್ತದೆ

1866ರಲ್ಲಿ ಲಂಡನ್ನಿನಲ್ಲಿ ಎರಡು ದೊಡ್ಡ ಪುಸ್ತಕಗಳು ಹೊರಬಂದವು. ಒಂದರಲ್ಲಿ ವಿಜಯಪುರದ ಗುಮ್ಮಟ, ಮಸೀದಿ, ಗೋರಿಗಳ ಫೋಟೋಗಳು. ಇನ್ನೊಂದರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ಗುಡಿಗಳ ಫೋಟೋಗಳು. ಫೋಟೋವನ್ನು ನೇರವಾಗಿ ಪುಸ್ತಕದ ಹಾಳೆಗೆ ಅಚ್ಚು ಹಾಕುವುದು ಆಗ ಸುಲಭವಿರಲಿಲ್ಲ. ಹೀಗಾಗಿ ಒಂದೊಂದು ಫೋಟೋವನ್ನೂ ಬೇರೆ ಕಾಗದದ ಮೇಲೆ ಮೂಡಿಸಿ, ಕೈಯಿಂದ ಪುಟಕ್ಕೆ ಅಂಟಿಸಿದ್ದರು. ಕನ್ನಡ ನಾಡಿನ ತೀರಾ ಹಳೆಯ ಫೋಟೋಗಳು ಎಂದು ಇವತ್ತು ತೋರಿಸುವ ಹಲವು ಚಿತ್ರಗಳು ಈ ಎರಡು ಪುಸ್ತಕಗಳಲ್ಲಿವೆ.

ಎರಡಕ್ಕೂ ಇತಿಹಾಸದ ಭಾಗ ಬರೆದವರು ಫಿಲಿಪ್ ಮೆಡೋಸ್ ಟೇಲರ್. ನಮ್ಮ ಕಡೆಯವರಿಗೆ ಈ ಹೆಸರು ಹೊಸದಲ್ಲ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವರು ಕಟ್ಟಿಸಿದ ಮನೆ. ರಾಜಾ ವೆಂಕಟಪ್ಪ ನಾಯಕ ಇನ್ನೂ ಚಿಕ್ಕವನಿದ್ದಾಗ, 1840ರ ದಶಕದಿಂದ 1853ರವರೆಗೆ, ಸಂಸ್ಥಾನದ ಆಡಳಿತ ನೋಡಿಕೊಂಡವರು ಇವರೇ. ಸುರಪುರದ ಗುಡ್ಡ, ಕೆರೆ, ಹೊಲ, ಜನ ಎಲ್ಲ ಅವರಿಗೆ ಗೊತ್ತಿತ್ತು. ತಮ್ಮ ಆತ್ಮಕಥೆಯಲ್ಲಿ ಈ ಊರಿನ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ.

ಆದರೂ ಆ ಎರಡು ಫೋಟೋ ಪುಸ್ತಕಗಳ ಹೆಸರಿನಲ್ಲಿ ವಿಜಯಪುರ ಇದೆ, ಧಾರವಾಡ ಇದೆ, ಮೈಸೂರು ಇದೆ. ಸುರಪುರ ಇಲ್ಲ, ಶಹಾಪುರ ಇಲ್ಲ, ಯಾದಗಿರಿಯೂ ಇಲ್ಲ. ಬರೆದವರಿಗೆ ಚೆನ್ನಾಗಿ ಗೊತ್ತಿದ್ದ ಊರು ಹೊರಗುಳಿಯಿತು. ಯಾಕೆ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಫೋಟೋ ಸಂಘಗಳ ಕಥೆ ಸಿಗುತ್ತದೆ. ಆ ಕಥೆಯಲ್ಲಿ ಇವತ್ತಿನ ನಮ್ಮ ಮೂರು ಊರುಗಳಿಗೂ ಬೇಕಾದ ಮಾತಿದೆ.

ಮುಂಬೈಯಲ್ಲಿ ಶುರುವಾದದ್ದು

ಫೋಟೋ ತೆಗೆಯುವ ವಿದ್ಯೆ ಜಗತ್ತಿಗೆ ಬಹಿರಂಗವಾದದ್ದು 1839ರ ಆಗಸ್ಟ್ 19ರಂದು, ಪ್ಯಾರಿಸ್‌ನಲ್ಲಿ. ನಮ್ಮ ತಾಲೂಕಿನ ಸ್ಟುಡಿಯೋದವರು ಆಗಸ್ಟ್ 19ಕ್ಕೆ ಛಾಯಾಗ್ರಹಣ ದಿನ ಮಾಡುವುದು ಇದೇ ಕಾರಣಕ್ಕೆ. ಹದಿನೈದು ವರ್ಷದಲ್ಲಿ ಈ ವಿದ್ಯೆ ಮುಂಬೈಯಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿತ್ತು. 1854ರಲ್ಲಿ ಅಲ್ಲಿ ಒಂದು ಫೋಟೋ ಸಂಘ ಹುಟ್ಟಿತು. 1856ರಲ್ಲಿ ಕೋಲ್ಕತ್ತ ಮತ್ತು ಮದ್ರಾಸಿನಲ್ಲೂ ಸಂಘಗಳು ಆದವು.

ಆಗ ಸಂಘ ಅನ್ನುವುದು ಹವ್ಯಾಸದ ಮಾತಷ್ಟೇ ಆಗಿರಲಿಲ್ಲ. ಒಬ್ಬರಿಂದ ಆಗದ ಕೆಲಸ ಅದು. 1851ರಲ್ಲಿ ಬಂದ ಗಾಜಿನ ಪದ್ಧತಿಯನ್ನೇ ನೋಡಿ. ಗಾಜಿನ ಹಲಗೆಗೆ ಅಂಟುದ್ರಾವಣ ಬಳಿಯಬೇಕು. ಕತ್ತಲೆಯಲ್ಲಿ ಅದನ್ನು ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಬೇಕು. ಹಸಿ ಇರುವಾಗಲೇ ಕ್ಯಾಮೆರಾಕ್ಕೆ ಹಾಕಿ ಫೋಟೋ ತೆಗೆದು, ಒಣಗುವ ಮೊದಲೇ ತೊಳೆಯಬೇಕು. ಇಷ್ಟೆಲ್ಲ ಕೆಲವೇ ನಿಮಿಷದಲ್ಲಿ ಮುಗಿಯಬೇಕು. ಕತ್ತಲೆ ಕೋಣೆಯ ಬದಲು ಗುಡಾರವನ್ನೇ ಎತ್ತಿನ ಗಾಡಿಯಲ್ಲಿ ಹೊತ್ತೊಯ್ಯಬೇಕು. ನಮ್ಮ ಕಡೆಯ ಏಪ್ರಿಲ್ ಬಿಸಿಲು ನೆನೆಸಿಕೊಳ್ಳಿ. ಗಾಜಿಗೆ ಬಳಿದದ್ದು ಕಣ್ಣುಮುಚ್ಚಿ ತೆರೆಯುವುದರೊಳಗೆ ಒಣಗಿ ಹೋಗುತ್ತಿತ್ತು. ಯೂರೋಪಿನ ಪುಸ್ತಕದಲ್ಲಿ ಬರೆದ ಅಳತೆ ಇಲ್ಲಿನ ಸೆಕೆಗೆ ಹೊಂದುತ್ತಿರಲಿಲ್ಲ.

ಹೀಗಾಗಿ ಒಬ್ಬರಿಗೆ ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳಲು ಕೂಡಬೇಕಾಯಿತು. ಮುಂಬೈ ಸಂಘ ಸಭೆ ಸೇರಿ ತೆಗೆದ ಚಿತ್ರಗಳನ್ನು ಎಲ್ಲರ ಮುಂದೆ ಇಡುತ್ತಿತ್ತು. ಯಾವ ಔಷಧ ಎಷ್ಟು ಹಾಕಿದೆ, ಯಾಕೆ ಕಪ್ಪಾಯಿತು ಅನ್ನುವ ಮಾತುಕತೆ ಆಗುತ್ತಿತ್ತು. ಸಂಘ ತನ್ನದೇ ಪತ್ರಿಕೆಯನ್ನೂ ಹೊರತಂದಿತು. ಸದಸ್ಯರಲ್ಲಿ ಇಂಗ್ಲಿಷರಷ್ಟೇ ಅಲ್ಲ, ಹೆಸರಾಂತ ವೈದ್ಯರಾದ ಭಾವು ದಾಜಿ, ಅವರ ತಮ್ಮ ನಾರಾಯಣ ದಾಜಿ ಅವರಂಥ ಭಾರತೀಯರೂ ಇದ್ದರು.

ಫೋಟೋ ಬಲ್ಲವರ ಬಳಗ ಹೀಗೆ ಕೂಡಿದ್ದ ಮುಂಬೈಯಲ್ಲೇ ಸರಕಾರವೂ ಕಣ್ಣು ತೆರೆಯಿತು. ಹಳೆಯ ಕಟ್ಟಡಗಳ ಚಿತ್ರ ಕೈಯಿಂದ ಬರೆಸುವ ಬದಲು ಫೋಟೋ ತೆಗೆಸೋಣ ಎಂದು 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಫಿರಂಗಿ ದಳದ ಅಧಿಕಾರಿಯನ್ನು ನೇಮಿಸಿತು. ಅವರು ವಿಜಯಪುರ, ಬಾದಾಮಿ, ಐಹೊಳೆ ಕಡೆ ಬಂದು ಫೋಟೋ ತೆಗೆದರು. ಸೇನೆ ಅವರನ್ನು ವಾಪಸ್ ಕರೆದಾಗ ಡಾಕ್ಟರ್ ಪಿಗೂ ಎಂಬುವರು ಆ ಕೆಲಸ ಮುಂದುವರಿಸಿದರು. ಮದ್ರಾಸ್ ಕಡೆಯಿಂದ ಡಾಕ್ಟರ್ ನೀಲ್ ಸಹ ನಮ್ಮ ನಾಡಿನ ಗುಡಿಗಳ ಫೋಟೋ ತೆಗೆದಿದ್ದರು. ಹತ್ತು ವರ್ಷದ ಮೇಲೆ ಮುಂಬೈಯ ಒಂದು ಸಮಿತಿ ಇವನ್ನೆಲ್ಲ ಒಟ್ಟು ಮಾಡಿತು. ಪ್ರೇಮಚಂದ್ ರಾಯಚಂದ್ ಅವರಂಥ ಮುಂಬೈಯ ವ್ಯಾಪಾರಿಗಳು ಹಣ ಕೊಟ್ಟರು. ಟೇಲರ್ ಇತಿಹಾಸ ಬರೆದರು. ಪುಸ್ತಕ ಆಯಿತು.

ಗಮನಿಸಿ, ಈ ಸರಪಳಿಯಲ್ಲಿ ಫೋಟೋ ತೆಗೆದವರು ಒಂದು ಕೊಂಡಿ ಮಾತ್ರ. ಕಲಿಸಿದವರು, ಕೂಡಿಸಿ ಇಟ್ಟವರು, ಯಾವ ಊರಿನ ಯಾವ ಗುಡಿ ಎಂದು ಬರೆದವರು, ದುಡ್ಡು ಹಾಕಿದವರು ಎಲ್ಲ ಸೇರಿದ್ದಕ್ಕೆ ಆ ಚಿತ್ರಗಳು 150 ವರ್ಷ ದಾಟಿ ಉಳಿದವು. ಸುರಪುರ ಈ ಸರಪಳಿಯ ಹೊರಗಿತ್ತು. ಮುಂಬೈ ಸರಕಾರದ ಸೀಮೆಗೆ ಅದು ಸೇರಿರಲಿಲ್ಲ. 1857-58ರ ದಂಗೆಯ ನಂತರ ಸಂಸ್ಥಾನವೇ ಹೋಯಿತು. 1860ರಲ್ಲಿ ಬ್ರಿಟಿಷರು ಅದನ್ನು ಹೈದರಾಬಾದಿನ ನಿಜಾಮನಿಗೆ ಒಪ್ಪಿಸಿದರು.

ನಮ್ಮ ಕಡೆ ಫೋಟೋ ಬಂದ ದಾರಿ

ಹಾಗಂತ ಸುರಪುರಕ್ಕೆ ಚಿತ್ರದ ಕಲೆ ಗೊತ್ತಿರಲಿಲ್ಲ ಅಂತಲ್ಲ. ಗರುಡಾದ್ರಿ ಮನೆತನದ ಚಿತ್ರಕಾರರು ನಾಯಕ ಅರಸರ ಆಶ್ರಯದಲ್ಲಿ ಬಂಗಾರದ ರೇಖು ಹಚ್ಚಿ ದೇವರ ಚಿತ್ರ, ಅರಸರ ಚಿತ್ರ ಬರೆಯುತ್ತಿದ್ದರು. ಸುರಪುರ ಶೈಲಿ ಎಂದೇ ಅದಕ್ಕೆ ಹೆಸರು. ಅಪ್ಪನಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ವಿದ್ಯೆ ದಾಟುತ್ತಿತ್ತು. ಅರಸೊತ್ತಿಗೆ ಹೋದ ಮೇಲೆ ಆ ಆಶ್ರಯವೂ ಹೋಯಿತು.

ಫೋಟೋ ಕಲೆ ಹೈದರಾಬಾದ್ ಸಂಸ್ಥಾನದಲ್ಲಿ ಬೆಳೆದದ್ದು ದರಬಾರಿನ ನೆರಳಲ್ಲಿ. ಅದರ ದೊಡ್ಡ ಹೆಸರು ರಾಜಾ ದೀನ್ ದಯಾಳ್. 1844ರಲ್ಲಿ ಮೀರತ್ ಹತ್ತಿರದ ಸರ್ಧನದಲ್ಲಿ ಹುಟ್ಟಿದ ಇವರು ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಅವರ ಆಸ್ಥಾನದ ಫೋಟೋಗ್ರಾಫರ್ ಆದರು. ಸಿಕಂದರಾಬಾದಿನಲ್ಲಿ ಅವರ ಸ್ಟುಡಿಯೋ ಇತ್ತು. ಪರದೆ ಪಾಲಿಸುವ ಹೆಣ್ಣುಮಕ್ಕಳಿಗಾಗಿಯೇ 1892ರಲ್ಲಿ ಬೇರೆ ಸ್ಟುಡಿಯೋ ತೆರೆದು, ಫೋಟೋ ತೆಗೆಯಲು ಒಬ್ಬ ಹೆಣ್ಣುಮಗಳನ್ನೇ ನೇಮಿಸಿದ್ದರು.

ಅರಮನೆ, ಬೇಟೆ, ಮೆರವಣಿಗೆ, ಸಾಹುಕಾರರ ಕುಟುಂಬ, ಇವು ಆ ಕ್ಯಾಮೆರಾದ ಮುಂದೆ ಹೆಚ್ಚಾಗಿ ಬಂದವು. 1871ರಲ್ಲಿ ಮುಂಬೈ-ಮದ್ರಾಸ್ ರೈಲು ದಾರಿ ರಾಯಚೂರಿನಲ್ಲಿ ಕೂಡಿದಾಗ ಯಾದಗಿರಿ ಆ ದಾರಿಯ ಮೇಲೇ ಇತ್ತು. ಆದರೆ ರೈಲು ಹಾದು ಹೋದ ಎಲ್ಲ ಊರಿಗೂ ಕ್ಯಾಮೆರಾ ಇಳಿಯಲಿಲ್ಲ. ಬಹಳ ಕಾಲದ ಮೇಲೆ ಪೇಟೆಗಳಲ್ಲಿ ಸ್ಟುಡಿಯೋಗಳು ಬಂದವು. ಹಿಂದೆ ಬಣ್ಣದ ಪರದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ನಡುವೆ ಹೊಸ ಬಟ್ಟೆ ಹಾಕಿಕೊಂಡು ಉಸಿರು ಬಿಗಿಹಿಡಿದು ನಿಂತ ಜೋಡಿ. ನಮ್ಮ ಹಿರಿಯರ ಫೋಟೋ ಅಂದರೆ ಅನೇಕರ ಮನೆಯಲ್ಲಿ ಇದೊಂದೇ.

ಈ ಸ್ಟುಡಿಯೋದವರೇ ನಮ್ಮ ಊರುಗಳ ನಿಜವಾದ ಇತಿಹಾಸಕಾರರು ಎಂದರೆ ತಪ್ಪಾಗದು. ಮದುವೆ, ಜಾತ್ರೆ, ಶಾಲೆಯ ಗ್ರೂಪ್ ಫೋಟೋ, ಪಂಚಾಯಿತಿ ಸಭೆ, ಸತ್ತವರ ಕೊನೆಯ ಫೋಟೋ ಎಲ್ಲ ಅವರ ಕೈಯಿಂದ ದಾಟಿದೆ. ಆದರೆ ಅದು ಗಿರಾಕಿಗೆ ಕೊಟ್ಟು ಮುಗಿಸುವ ಕೆಲಸ. ನಾಲ್ಕು ಜನ ಕೂತು ನೋಡಿ, ಹೆಸರು ಬರೆದು, ಕೂಡಿಸಿ ಇಡುವ ಕೆಲಸ ಅವರೊಬ್ಬರಿಂದಲೇ ಆಗುವಂಥದ್ದಲ್ಲ.

ಬೆಂಗಳೂರು ಕಲಿಸುವ ಪಾಠ

1888ರಲ್ಲಿ ಕೊಡ್ಯಾಕ್ ಕ್ಯಾಮೆರಾ ಬಂದ ಮೇಲೆ ಔಷಧ, ಗಾಜು, ಗುಡಾರದ ಕಾಟ ನಿಧಾನಕ್ಕೆ ಕಡಿಮೆಯಾಯಿತು. ಹಾಗಿದ್ದರೆ ಸಂಘಗಳ ಕೆಲಸ ಮುಗಿಯಬೇಕಿತ್ತಲ್ಲ? ಮುಗಿಯಲಿಲ್ಲ, ಬದಲಾಯಿತು. ಫೋಟೋ ಹೇಗೆ ಮೂಡಿಸುವುದು ಅನ್ನುವ ಪ್ರಶ್ನೆ ಹಿಂದೆ ಸರಿದು, ಯಾವುದು ಒಳ್ಳೆಯ ಫೋಟೋ, ಯಾಕೆ ಒಳ್ಳೆಯದು ಅನ್ನುವ ಪ್ರಶ್ನೆ ಮುಂದೆ ಬಂತು. ಇದಕ್ಕೂ ನಾಲ್ಕು ಜೋಡಿ ಕಣ್ಣು ಬೇಕು. ತೆಗೆದವರಿಗೆ ತಮ್ಮ ಫೋಟೋದ ಕೊರತೆ ಕಾಣುವುದಿಲ್ಲ.

ಈ ಕೆಲಸವನ್ನು ಕರ್ನಾಟಕದಲ್ಲಿ ಮಾಡಿ ತೋರಿಸಿದ್ದು ಬೆಂಗಳೂರಿನ ಹವ್ಯಾಸಿಗಳು. ಮೈಸೂರು ಫೋಟೋಗ್ರಾಫಿಕ್ ಸೊಸೈಟಿ ಎಂಬ ಸಂಘ ಅಲ್ಲಿತ್ತು. ದೇಶದ ಫೋಟೋ ಸಂಘಗಳೆಲ್ಲ ಒಂದೇ ಸೂರಿನಡಿ ಬರಲೆಂದು 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ ಆಯಿತು. ಅದನ್ನು ಬಹಳ ಕಾಲ ನಡೆಸಿದವರಲ್ಲಿ ಬೆಂಗಳೂರಿನ ಜಿ. ಥಾಮಸ್ ಮುಖ್ಯರು. 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಶುರುವಾಯಿತು.

ಇಂಥ ಬಳಗಗಳಲ್ಲಿ ನಡೆಯುತ್ತಿದ್ದದ್ದು ಸರಳ. ಆಗಾಗ ಒಂದು ಸಂಜೆ ಕೂಡುವುದು. ತಂದ ಫೋಟೋಗಳನ್ನು ಸಾಲಾಗಿ ನಿಲ್ಲಿಸುವುದು, ಇಲ್ಲವೆ ಕತ್ತಲೆ ಕೋಣೆಯಲ್ಲಿ ಸ್ಲೈಡ್ ಪರದೆಯ ಮೇಲೆ ಬಿಡುವುದು. ಒಂದು ಚಿತ್ರವನ್ನು ಎಲ್ಲರೂ ಒಟ್ಟಿಗೆ ನೋಡುವುದು. ಹಿರಿಯರು ಕಿರಿಯರಿಗೆ ಹೇಳುವುದು. ಮುಂದಿನ ಸಲಕ್ಕೆ ಇನ್ನೊಂದು ತರುವುದು. ಹಕ್ಕಿ ಫೋಟೋಗಳ ಹಿರಿಯ ಓ.ಸಿ. ಎಡ್ವರ್ಡ್ಸ್ ಅವರ ಜೊತೆ ಓಡಾಡಿ ಕಲಿತವರಲ್ಲಿ ಟಿ.ಎನ್.ಎ. ಪೆರುಮಾಳ್ ಒಬ್ಬರು. ಪೆರುಮಾಳ್ ಮುಂದೆ ಕಾಡುಪ್ರಾಣಿಗಳ ಫೋಟೋಗಳಿಗೆ ಜಗತ್ತಿನಾದ್ಯಂತ ಹೆಸರಾದರು. 2017ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರಿಂದ ಕಲಿತವರದ್ದೇ ಒಂದು ದೊಡ್ಡ ಬಳಗವಿತ್ತು. ಗುರು, ಶಿಷ್ಯ, ಶಿಷ್ಯನ ಶಿಷ್ಯ. ಸುರಪುರದ ಚಿತ್ರಕಾರರ ಮನೆಯಲ್ಲಿ ನಡೆದದ್ದೂ ಇದೇ ಅಲ್ಲವೆ?

ಊರು ದೂರವಾದರೆ ಏನು ಮಾಡುವುದು? ಇದಕ್ಕೆ ಇಂಗ್ಲೆಂಡಿನ ಹವ್ಯಾಸಿಗಳು 19ನೇ ಶತಮಾನದ ಕೊನೆಯಲ್ಲೇ ಉಪಾಯ ಕಂಡುಕೊಂಡಿದ್ದರು. ಅಂಚೆ ಸಂಘ. ಒಂದು ಪೆಟ್ಟಿಗೆಯಲ್ಲಿ ಸದಸ್ಯರ ಫೋಟೋಗಳು, ಜೊತೆಗೊಂದು ಪುಸ್ತಕ. ಪೆಟ್ಟಿಗೆ ಬಂದವರು ಎಲ್ಲವನ್ನೂ ನೋಡಿ, ತಮ್ಮ ಅಭಿಪ್ರಾಯ ಪುಸ್ತಕದಲ್ಲಿ ಬರೆದು, ತಮ್ಮ ಹಳೆಯ ಫೋಟೋ ತೆಗೆದು ಹೊಸದು ಇಟ್ಟು ಮುಂದಿನವರಿಗೆ ಅಂಚೆ ಮಾಡಬೇಕು. ಪೆಟ್ಟಿಗೆ ಸುತ್ತು ಹಾಕಿ ಮರಳಿ ಬರಲು ವಾರಗಟ್ಟಲೆ ಹಿಡಿಯುತ್ತಿತ್ತು. ಆದರೆ ಬಂದಾಗ ಪ್ರತಿ ಫೋಟೋಗೂ ಎಲ್ಲರ ಮಾತು ಸೇರಿರುತ್ತಿತ್ತು.

ಇವತ್ತು ನಮ್ಮ ಕೈಯಲ್ಲಿ ಅಂಚೆಗಿಂತ ಸಾವಿರ ಪಟ್ಟು ವೇಗದ ವಾಟ್ಸ್‌ಆ್ಯಪ್ ಇದೆ. ಫೋಟೋ ಹಾಕಿದ ಗಳಿಗೆಯಲ್ಲಿ ಹತ್ತು ಹೆಬ್ಬೆರಳು ಬರುತ್ತವೆ. ಯಾಕೆ ಚೆನ್ನಾಗಿದೆ ಎಂದು ಹೇಳುವವರು ಒಬ್ಬರೂ ಇರುವುದಿಲ್ಲ. ಮೂರನೇ ದಿನ ಅದು ನೂರು ಶುಭೋದಯದ ಕೆಳಗೆ ಹೂತು ಹೋಗಿರುತ್ತದೆ. ವೇಗ ಬಂತು, ಕೂತು ನೋಡುವುದು ಹೋಯಿತು.

ಬಾಗಿಲು ಮುಚ್ಚಿದ ಸಂಘ

ಸಂಘಗಳ ಇತಿಹಾಸದಲ್ಲಿ ಕಹಿ ಪುಟವೂ ಇದೆ. ಕೋಲ್ಕತ್ತದ ಫೋಟೋ ಸಂಘದಲ್ಲಿ ರಾಜೇಂದ್ರಲಾಲ್ ಮಿತ್ರ ಎಂಬ ದೊಡ್ಡ ವಿದ್ವಾಂಸರಿದ್ದರು. ಸಂಘದ ಜವಾಬ್ದಾರಿಯನ್ನೂ ಹೊತ್ತಿದ್ದರು. 1857ರಲ್ಲಿ ಒಂದು ಸಾರ್ವಜನಿಕ ಸಭೆಯಲ್ಲಿ, ನೀಲಿ ಬೆಳೆಯ ಬಿಳಿಯ ತೋಟಗಾರರು ರೈತರಿಗೆ ಮಾಡುವ ಅನ್ಯಾಯದ ವಿರುದ್ಧ ಅವರು ಮಾತನಾಡಿದರು. ಸಂಘದ ಬಿಳಿಯ ಸದಸ್ಯರಿಗೆ ಸಿಟ್ಟು ಬಂತು. ಅವರನ್ನು ಸಂಘದಿಂದಲೇ ಹೊರಗೆ ಹಾಕಿದರು. ಅದನ್ನು ಒಪ್ಪದ ಕೆಲವರು ತಾವಾಗಿಯೇ ಬಿಟ್ಟು ಹೋದರು. ಫೋಟೋಗೂ ಆ ಭಾಷಣಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಇದು ಹಳೆಯ ಕಥೆ ಎಂದು ನಗುವ ಹಾಗಿಲ್ಲ. ನಮ್ಮ ಊರಿನಲ್ಲಿ ಹತ್ತು ಜನ ಕೂಡಿ ಏನೇ ಶುರು ಮಾಡಿದರೂ ಯಾರ ಓಣಿಯವರು, ಯಾವ ಪಾರ್ಟಿಯವರು ಅನ್ನುವ ಲೆಕ್ಕ ಬೇಗ ಬರುತ್ತದೆ. ದೊಡ್ಡ ಕ್ಯಾಮೆರಾ ಇದ್ದವರು ಮುಂದೆ, ಮೊಬೈಲ್ ಇದ್ದವರು ಹಿಂದೆ. ಹೆಣ್ಣುಮಕ್ಕಳು ಫೋಟೋದ ಒಳಗೆ ಇರುತ್ತಾರೆ, ಫೋಟೋ ತೆಗೆಯುವ ಕಡೆ ಇರುವುದಿಲ್ಲ. ಅಂಥ ಸಂಘ ನೋಡುವ ಊರು ಅರ್ಧ ಊರು ಮಾತ್ರ. ಬೀಸುಕಲ್ಲಿನ ಹಾಡು ಹಾಡುವ ಅಜ್ಜಿಯ ಫೋಟೋವನ್ನು ಅವಳ ಮೊಮ್ಮಗಳು ತೆಗೆದ ಹಾಗೆ ಯಾವ ಹೊರಗಿನವರೂ ತೆಗೆಯಲಾರರು.

ಕಳೆದುಹೋಗುತ್ತಿರುವುದು ಏನು

ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಜಿಲ್ಲೆ ಹೊಸದು, ನೆಲ ಹಳೆಯದು. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲು ಸಾಲಾಗಿ ಇಟ್ಟ ಬಂಡೆಗಳಿವೆ. ಅವು ಬೃಹತ್ ಶಿಲಾಯುಗದ ಜನ ಜೋಡಿಸಿದವು. ಅದು ಈಗ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಥಳ. ಸುತ್ತಮುತ್ತಲಿನ ಇಂಥ ಕಲ್ಲುಗಳ ಬಗ್ಗೆ ಮೊದಮೊದಲು ಬರೆದವರಲ್ಲಿ ನಮ್ಮ ಟೇಲರ್ ಅವರೇ ಮುಖ್ಯರು. ಅವರು ಅಳತೆ, ನಕ್ಷೆ, ಚಿತ್ರಗಳೊಂದಿಗೆ ಬರೆದದ್ದು ಇವತ್ತಿಗೂ ಸಂಶೋಧಕರಿಗೆ ಆಧಾರ. ಒಂದು ಕಲ್ಲು ಸರಿದರೆ, ಒಡೆದರೆ, ಮೊದಲು ಎಲ್ಲಿತ್ತು ಎಂದು ಹೇಳಲು ಹಳೆಯ ಚಿತ್ರ ಬೇಕು. ವರ್ಷಕ್ಕೊಮ್ಮೆ ಒಂದೇ ಜಾಗದಲ್ಲಿ ನಿಂತು ತೆಗೆದ ಫೋಟೋ ಸಾಕ್ಷಿಯಾಗುತ್ತದೆ.

ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ಎಲ್ಲರೂ ಮೊಬೈಲ್‌ನಲ್ಲಿ ತೆಗೆದಿದ್ದೇವೆ. ಯಾದಗಿರಿ ಕೋಟೆಯ ಮೇಲೆ ನಿಂತು ಸೆಲ್ಫಿ ತೆಗೆದಿದ್ದೇವೆ. ಬೋನಾಳ ಕೆರೆಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳ ಫೋಟೋ ತೆಗೆಯಲು ದೂರದಿಂದ ಜನ ಬರುತ್ತಾರೆ. ಇವು ಸುಲಭದ ಫೋಟೋಗಳು. ಕೋಟೆ, ಬೆಟ್ಟ ನಾಳೆಯೂ ಅಲ್ಲೇ ಇರುತ್ತವೆ.

ನಾಳೆ ಇರದೆ ಹೋಗುವವು ಬೇರೆ. ಗುಳೆ ಹೋಗಲು ಸಾಮಾನು ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಕೂತ ಕುಟುಂಬ. ಬೀಗ ಬಿದ್ದ ಮನೆಗಳ ಓಣಿ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ನೀರು ಎಲ್ಲಿಯವರೆಗೆ ಬಂತು ಅನ್ನುವ ಗುರುತು. ಬಿಡಿಸುವ ಕೈಗಳಿಂದ ತುಂಬಿದ ಹತ್ತಿ ಹೊಲ. ಹಳೆಯ ಸ್ಟುಡಿಯೋಗಳ ಡಬ್ಬಿಯಲ್ಲಿ ಅಂಟಿಕೊಳ್ಳುತ್ತಿರುವ ನೆಗೆಟಿವ್‌ಗಳು. ಅವುಗಳಲ್ಲಿರುವ ಮುಖಗಳ ಹೆಸರು ಬಲ್ಲವರು ಈಗ ಎಪ್ಪತ್ತು, ಎಂಬತ್ತರ ವಯಸ್ಸಿನವರು. ಅವರು ಹೋದ ಮೇಲೆ ಫೋಟೋ ಉಳಿದರೂ ಅದು ಯಾರದೋ ಫೋಟೋ.

ಮೂರು ಊರಿಗೆ ಆಗುವ ಕೆಲಸ

ದೊಡ್ಡ ಸಂಘ, ಪದಾಧಿಕಾರಿ, ಹಾರ, ಶಾಲು ಏನೂ ಬೇಡ. 170 ವರ್ಷದ ಸಂಘಗಳಿಂದ ನಾವು ತೆಗೆದುಕೊಳ್ಳಬಹುದಾದದ್ದು ಇಷ್ಟೇ ಇಷ್ಟು.

ತಿಂಗಳಿಗೊಂದು ಭಾನುವಾರ, ಒಂದೇ ಜಾಗ, ಒಂದೇ ಹೊತ್ತು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಆಗಬಹುದು, ಶಾಲೆಯ ಕಟ್ಟೆಯೂ ಆಗಬಹುದು. ಹೆಣ್ಣುಮಕ್ಕಳಿಗೆ ಅನುಕೂಲವಾಗುವ ಹಗಲು ಹೊತ್ತೇ ಇರಲಿ. ಒಬ್ಬರಿಗೆ ಮೂರೇ ಫೋಟೋ. ಮೊಬೈಲ್‌ನಲ್ಲಿ ತೆಗೆದದ್ದು, ಮನೆಯ ಟ್ರಂಕಿನಲ್ಲಿ ಸಿಕ್ಕಿದ್ದು, ಯಾವುದಾದರೂ ಸರಿ. ಫೋಟೋ ನೋಡಿ ಚೆನ್ನಾಗಿದೆ ಎಂದಷ್ಟೇ ಹೇಳುವ ಹಾಗಿಲ್ಲ, ಯಾಕೆ ಎಂದೂ ಹೇಳಬೇಕು.

ಪ್ರತಿ ಫೋಟೋಗೆ ನಾಲ್ಕು ಮಾತು ಬರೆದಿಡಬೇಕು: ಯಾರು, ಎಲ್ಲಿ, ಯಾವಾಗ, ತೆಗೆದವರು ಯಾರು. ಫೋಟೋದಲ್ಲಿ ಇರುವವರನ್ನು ಕೇಳಿದ್ದೀರಾ ಅನ್ನುವುದು ಐದನೆಯದು. ಬೇಡ ಅಂದವರ ಫೋಟೋ ಇಡುವುದು ಬೇಡ.

ಬೆಂಗಳೂರು, ಪುಣೆ, ಹೈದರಾಬಾದಿಗೆ ದುಡಿಯಲು ಹೋದವರೂ ಸದಸ್ಯರೇ. ಅಂಚೆ ಪೆಟ್ಟಿಗೆಯ ಹಾಗೆ, ಅವರು ಕೆಲಸ ಮಾಡುವ ಕಟ್ಟಡ, ಇರುವ ತಗಡಿನ ಮನೆ, ಅಲ್ಲಿಯ ಮಕ್ಕಳ ಶಾಲೆ, ಮೂರು ಫೋಟೋ ಕಳಿಸಲಿ. ಅದೂ ಈ ಜಿಲ್ಲೆಯ ಇತಿಹಾಸವೇ. ಸಭೆಯಲ್ಲಿ ಅವರ ಫೋಟೋ ಬಗ್ಗೆ ಆಡಿದ ಮಾತನ್ನು ದನಿಯಲ್ಲಿ ಹಿಡಿದು ಅವರಿಗೆ ಕಳಿಸಿ. ಊರು ಬಿಟ್ಟವರನ್ನು ಊರಿಗೆ ಕಟ್ಟಿಹಾಕುವ ದಾರ ಅದು.

ಒಂದು ಕಿವಿಮಾತು. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಸುಮ್ಮನೆ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದ ಹಾಗೇ ತಲುಪುತ್ತದೆ. ಕೂಡಿಸಿದ್ದನ್ನು ಎರಡು ಕಡೆ ಇಡಿ, ಒಂದೇ ಮನೆಯಲ್ಲಿ ಎರಡೂ ಬೇಡ. ವರ್ಷಕ್ಕೆ ಹನ್ನೆರಡಾದರೂ ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಹಿಂದೆ ಪೆನ್ಸಿಲ್ಲಿನಲ್ಲಿ ಹೆಸರು ಬರೆಯಿರಿ. ಊರ ಸ್ಟುಡಿಯೋದವರಿಗೂ ಕೆಲಸ ಸಿಗುತ್ತದೆ, ಅವರೂ ಬಂದು ಕೂರುತ್ತಾರೆ. ಅವರ ಡಬ್ಬಿಯಲ್ಲಿರುವ ನೆಗೆಟಿವ್‌ಗಳನ್ನು ಅವರ ಒಪ್ಪಿಗೆ ಪಡೆದು ನಕಲು ಮಾಡುವ ಕೆಲಸ ಅಲ್ಲಿಂದಲೇ ಶುರುವಾಗಲಿ.

ಮುಂಬೈಯಲ್ಲಿ 1854ರಲ್ಲಿ ಕೂಡಿದವರ ಹತ್ತಿರ ಇದ್ದ ಕ್ಯಾಮೆರಾಕ್ಕಿಂತ ಒಳ್ಳೆಯ ಕ್ಯಾಮೆರಾ ಇವತ್ತು ಕುರಿ ಕಾಯುವ ಹುಡುಗನ ಕಿಸೆಯಲ್ಲಿದೆ. ಅವರಲ್ಲಿದ್ದು ನಮ್ಮಲ್ಲಿ ಇಲ್ಲದ್ದು ತಿಂಗಳಿಗೊಮ್ಮೆ ಕೂಡುವ ಶಿಸ್ತು ಮಾತ್ರ. ಈ ತಿಂಗಳು ನಿಮ್ಮ ಮನೆಯ ಹಳೆಯ ಫೋಟೋ ಒಂದನ್ನು ತೆಗೆದು ಮನೆಯ ಹಿರಿಯರ ಮುಂದೆ ಇಡಿ. ಅದರಲ್ಲಿ ನಿಂತವರ ಹೆಸರು ಕೇಳಿ, ಹಿಂದೆ ಬರೆಯಿರಿ. ಪಕ್ಕದ ಮನೆಯವರನ್ನೂ ಕರೆಯಿರಿ. ಸಂಘದ ಮೊದಲ ಸಭೆ ಆದಂತೆಯೇ.